ವಾಹನ ಪ್ರಶ್ನೋತ್ತರ: ರೇಸಿನ ಕಾರು, ಅಂಗಡಿಯ ಕಾರು, ಮನೆತನದ ಅಭಿಮಾನ

ಅಮೆರಿಕದ ಸ್ಟಾಕ್ ಕಾರ್ ರೇಸಿಂಗ್ ಬಗ್ಗೆ ಕಳೆದ ಕೆಲವು ತಿಂಗಳಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತುತ್ತಿದ್ದವು: ರೇಸಿನಲ್ಲಿ ಓಡುವ ಕಾರಿಗೂ ಅಭಿಮಾನಿಗಳು ಕೊಳ್ಳುವ ಕಾರಿಗೂ ಇರುವ ಸಂಬಂಧವೇನು? ಆದ್ದರಿಂದ ಈ ಬಾರಿಯ ಅಂಕಣವನ್ನು ಅದೊಂದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಬಾಣಂತನಕ್ಕೆಂದು ಮಗಳ ಮನೆಗೆ, ಅಮೆರಿಕದ ನಾರ್ತ್ ಕ್ಯಾರೊಲಿನಾಕ್ಕೆ ಹೋಗಿದ್ದೆ. ಪಕ್ಕದ ಮನೆಯ ಹಿರಿಯರು ಷೆವರ್ಲೆ ಬಿಟ್ಟು ಬೇರೆ ಕಾರು ಕೊಂಡವರಲ್ಲವಂತೆ. ಅವರ ತಂದೆಯೂ ಹಾಗೆಯೇ ಇದ್ದರಂತೆ. ಭಾನುವಾರದ ರೇಸಿನಲ್ಲಿ ಫೋರ್ಡ್ ಗೆದ್ದರೆ ಅವರಿಗೆ ಊಟ ರುಚಿಸುತ್ತಿರಲಿಲ್ಲ. ಒಂದು ಕಂಪನಿಯ ಕಾರಿನ ಮೇಲೆ ಇಷ್ಟು ಅಭಿಮಾನ ಎಲ್ಲಿಂದ ಬಂತು? (ಓದುಗರು, ಮೈಸೂರು)

ಉತ್ತರ: ತಮ್ಮ ಮಗಳ ನೆರೆಯವರ ತಂದೆಯ ಕಾಲಕ್ಕೆ ಹೋದರೆ ಇದಕ್ಕೆ ಉತ್ತರ ಸಿಗುತ್ತದೆ. ಆಗ ರೇಸಿನ ಅಂಕಣದಲ್ಲಿ ಓಡುತ್ತಿದ್ದ ಕಾರೂ ಅವರ ಮನೆಯಂಗಳದಲ್ಲಿ ನಿಂತಿದ್ದ ಕಾರೂ ನಿಜವಾಗಿಯೂ ಒಂದೇ ಆಗಿದ್ದವು. ‘ಸ್ಟಾಕ್’ ಎಂದರೆ ಮಾರಾಟಗಾರನ ದಾಸ್ತಾನಿನಲ್ಲಿ ಇರುವಂತಹುದು, ಕಾರ್ಖಾನೆಯಿಂದ ಬಂದಂತೆಯೇ ಇರುವಂತಹುದು. ಈ ಸ್ಟಾಕ್ ಕಾರ್ ರೇಸುಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯನ್ನು ಬಿಲ್ ಫ್ರಾನ್ಸ್ 1948ರಲ್ಲಿ ಫ್ಲಾರಿಡಾದ ಡೇಟೋನಾ ಬೀಚಿನಲ್ಲಿ ಕಟ್ಟಿದರು. ಮರುವರ್ಷ ಜೂನ್ 19ರಂದು ಷಾರ್ಲಟ್‌ನ ಮಣ್ಣಿನ ಅಂಕಣದಲ್ಲಿ ಏನೊಂದು ಮಾರ್ಪಾಡೂ ಇಲ್ಲದ ಕಾರುಗಳಿಗೆಂದೇ ಒಂದು ರೇಸ್ ಏರ್ಪಡಿಸಿದರು. ಗುರಿಯನ್ನು ಮೊದಲು ಮುಟ್ಟಿದವರು 1947ರ ಫೋರ್ಡ್ ಓಡಿಸಿದ ಗ್ಲೆನ್ ಡನವೇ. ಆದರೆ ಪರೀಕ್ಷೆಯ ವೇಳೆ ಕಾರಿನ ಹಿಂಬದಿಯ ಸ್ಪ್ರಿಂಗ್‌ಗಳನ್ನು ಗಟ್ಟಿಗೊಳಿಸಿದ್ದು ಕಂಡುಬಂತು. ಕಳ್ಳಭಟ್ಟಿ ಸಾಗಿಸುವವರು ಭಾರ ಹೇರಿದಾಗ ಕಾರಿನ ಹಿಂಭಾಗ ಕುಸಿಯಬಾರದೆಂದು ಮಾಡುತ್ತಿದ್ದ ಉಪಾಯವದು. ಅವರನ್ನು ಅನರ್ಹಗೊಳಿಸಿ, ಲಿಂಕನ್ ಕಾರಿನಲ್ಲಿ ಎರಡನೆಯವರಾಗಿ ಬಂದಿದ್ದ ಜಿಮ್ ರೋಪರ್ ಅವರಿಗೆ ಗೆಲುವನ್ನು ಕೊಟ್ಟರು. ಸ್ಪ್ರಿಂಗ್ ಒಂದನ್ನು ತಿದ್ದಿದ್ದಕ್ಕೇ ಗೆಲುವು ಕೈತಪ್ಪುವಷ್ಟು ಕಟ್ಟುನಿಟ್ಟು ಅಂದಿನದು.

ಅದೇ ದಿನದ ಇನ್ನೊಂದು ಪ್ರಸಂಗವನ್ನು ನಾನು ಹಲವರಿಗೆ ಹೇಳಿದ್ದೇನೆ. ಲೀ ಪೆಟ್ಟಿ ಎಂಬುವರು ಪರಿಚಿತರೊಬ್ಬರಿಂದ ದೊಡ್ಡದೊಂದು ಬ್ಯೂಕ್ ಕಾರನ್ನು ಎರವಲು ತಂದಿದ್ದರು. ಅದನ್ನೇ ಓಡಿಸಿಕೊಂಡು ರೇಸಿಗೆ ಬಂದು, ಅದನ್ನೇ ಅಂಕಣಕ್ಕಿಳಿಸಿ, ಅಲ್ಲಿಯೇ ಪಲ್ಟಿ ಹೊಡೆಸಿದರು. ಮುಂದೆ ಏಳು ಬಾರಿ ಚಾಂಪಿಯನ್ ಆದ ರಿಚರ್ಡ್ ಪೆಟ್ಟಿ ಅವರ ಮಗ. ಆಗಿನ್ನೂ ಹನ್ನೊಂದು ವರ್ಷದ ಹುಡುಗ. ಸಂಸಾರವನ್ನು ಹೊತ್ತು ಊರೂರು ತಿರುಗುವ ಕಾರೇ ಮಧ್ಯಾಹ್ನ ರೇಸಿನಲ್ಲಿಯೂ ಓಡುತ್ತಿದ್ದ ಕಾಲದಲ್ಲಿ, ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತ ರೈತನಿಗೋ ಗಿರಣಿಯ ಕಾರ್ಮಿಕನಿಗೋ ತನ್ನ ಕಾರಿನ ತಾಕತ್ತು ಕಣ್ಣೆದುರೇ ಕಾಣುತ್ತಿತ್ತು. ಯಾವ ಕಾರಿನ ಚಕ್ರ ಕಳಚಿತು, ಯಾವುದರ ಎಂಜಿನ್ ಕೊನೆಯವರೆಗೂ ತಡೆಯಿತು ಎಂಬುದನ್ನು ನೋಡಿಯೇ ಆತ ಮುಂದಿನ ಕಾರು ಯಾವುದೆಂದು ತೀರ್ಮಾನಿಸುತ್ತಿದ್ದ. ಅದು ಕುರುಡು ಅಭಿಮಾನವಲ್ಲ, ಕಣ್ಣಾರೆ ಕಂಡು ಬೆಳೆಸಿಕೊಂಡ ನಂಬಿಕೆ.

ಆ ನಂಬಿಕೆಗೆ ಬೇರೆ ಬೇರುಗಳೂ ಕೂಡಿಕೊಂಡವು. ಕುಟುಂಬದಲ್ಲಿ ಯಾರಾದರೂ ಒಂದು ಕಂಪನಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೆ ಅದು ಉಪ್ಪಿನ ಋಣ. ಹತ್ತಿರದ ಪೇಟೆಯಲ್ಲಿದ್ದ ಮಾರಾಟಗಾರ ಯಾವ ಕಂಪನಿಯವನೋ ರಿಪೇರಿಗೂ ಬಿಡಿಭಾಗಕ್ಕೂ ಅವನೇ ಆಸರೆ. ಮಗ ಚಾಲನೆ ಕಲಿತದ್ದು ಅಪ್ಪನ ಪಿಕಪ್ ವಾಹನದಲ್ಲಿ. ಹೀಗೆ ಒಂದು ಹೆಸರು ಮನೆದೇವರಂತೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂತು. ಆ ಹಿರಿಯರಿಗೆ ಭಾನುವಾರದ ರೇಸ್ ಎಂದರೆ ತಮ್ಮ ತಂದೆಯ ಜೊತೆಗಿನ ನಂಟನ್ನು ವಾರಕ್ಕೊಮ್ಮೆ ನವೀಕರಿಸಿಕೊಳ್ಳುವ ಹೊತ್ತೂ ಹೌದು ಎಂದು ನನಗನಿಸುತ್ತದೆ. ಊಟ ರುಚಿಸದಿರುವುದಕ್ಕೆ ಅಷ್ಟು ಕಾರಣ ಸಾಕಲ್ಲವೇ?

ಪ್ರಶ್ನೆ: ನಾನು ಕಾರು ಮಾರಾಟದ ಮಳಿಗೆಯೊಂದರಲ್ಲಿ ಕೆಲಸ ಮಾಡುತ್ತೇನೆ. ‘ಭಾನುವಾರ ಗೆದ್ದರೆ ಸೋಮವಾರ ಮಾರಾಟ’ ಎಂಬ ಮಾತನ್ನು ನಮ್ಮ ತರಬೇತಿಯಲ್ಲಿ ಕೇಳಿದ್ದೇನೆ. ಇದು ನಿಜವೇ? (ಓದುಗರು, ಹುಬ್ಬಳ್ಳಿ)

ಉತ್ತರ: ಈ ಮಾತನ್ನು ಫೋರ್ಡ್ ಮಾರಾಟಗಾರರಾಗಿದ್ದ ಬಾಬ್ ಟಾಸ್ಕಾ ಅವರ ಹೆಸರಿಗೆ ಜೋಡಿಸುವುದು ವಾಡಿಕೆ. 1960ರ ದಶಕದಲ್ಲಿ ಅಮೆರಿಕದ ಮೂರು ದೊಡ್ಡ ಕಂಪನಿಗಳೂ ಇದನ್ನು ಮನಸಾರೆ ನಂಬಿ ಹಣ ಸುರಿದವು. ಆದರೆ ಗೆಲುವು ತಾನೇ ತಾನಾಗಿ ಮಾರಾಟವಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ದೊಡ್ಡ ಅಪವಾದಗಳಿವೆ. ಎರಡನ್ನು ತಾವು ತಿಳಿದಿರಬೇಕು.

ಮೊದಲನೆಯದು ಹಡ್ಸನ್ ಹಾರ್ನೆಟ್. ಅದರ ನೆಲಹಾಸು ಚೌಕಟ್ಟಿನ ಮೇಲೆ ಕೂರುವ ಬದಲು ಚೌಕಟ್ಟಿನ ನಡುವೆ ಇಳಿದು ಕೂತಿತ್ತು. ಕಾರಿನೊಳಗೆ ಹತ್ತುವುದಲ್ಲ, ಒಂದು ಮೆಟ್ಟಿಲು ಇಳಿಯಬೇಕು. ಹೀಗೆ ಭಾರವೆಲ್ಲ ನೆಲಕ್ಕೆ ಹತ್ತಿರವಾದುದರಿಂದ ತಿರುವಿನಲ್ಲಿ ಬೇರೆ ಕಾರುಗಳು ಓಲಾಡುತ್ತಿದ್ದರೆ ಇದು ನೆಲ ಕಚ್ಚಿ ಓಡುತ್ತಿತ್ತು. ಎದುರಾಳಿಗಳ ಬಳಿ ಎಂಟು ಸಿಲಿಂಡರಿನ ಎಂಜಿನ್‌ಗಳಿದ್ದರೂ ಇದು ಆರು ಸಿಲಿಂಡರಿನ ಎಂಜಿನ್ನಿನಿಂದಲೇ 1952ರ ಒಟ್ಟು 34 ರೇಸುಗಳಲ್ಲಿ 27ನ್ನು ಗೆದ್ದುಕೊಂಡಿತು. ಅಷ್ಟಾದರೂ ಕಂಪನಿ ಉಳಿಯಲಿಲ್ಲ. ದೊಡ್ಡ ಕಂಪನಿಗಳು ವರ್ಷವರ್ಷವೂ ಹೊಸ ಮೈಕಟ್ಟು ತರುತ್ತಿದ್ದಾಗ ಹಡ್ಸನ್ ಬಳಿ ಅದಕ್ಕೆ ಬಂಡವಾಳವಿರಲಿಲ್ಲ. 1954ರಲ್ಲಿ ಅದು ನ್ಯಾಷ್ ಕಂಪನಿಯೊಡನೆ ವಿಲೀನವಾಯಿತು, 1957ರಲ್ಲಿ ಆ ಹೆಸರೇ ಅಳಿಯಿತು.

ಎರಡನೆಯದು 1970ರ ಪ್ಲಿಮತ್ ಸೂಪರ್‌ಬರ್ಡ್. ಆಗಿನ ನಿಯಮದಂತೆ ಒಂದು ಮಾದರಿ ರೇಸಿಗೆ ಇಳಿಯಬೇಕಾದರೆ ಅದನ್ನು ಇಂತಿಷ್ಟು ಸಂಖ್ಯೆಯಲ್ಲಿ ಸಾರ್ವಜನಿಕರಿಗೂ ತಯಾರಿಸಲೇಬೇಕಿತ್ತು. 1969ರಲ್ಲಿ ಆ ಸಂಖ್ಯೆ 500 ಇತ್ತು. ಮರುವರ್ಷ ಅದನ್ನು ಮಾರಾಟಗಾರರ ಸಂಖ್ಯೆಗೆ ತಕ್ಕಂತೆ ಏರಿಸಿದ್ದರಿಂದ ಪ್ಲಿಮತ್ 1,900ಕ್ಕೂ ಹೆಚ್ಚು ಸೂಪರ್‌ಬರ್ಡ್‌ಗಳನ್ನು ತಯಾರಿಸಬೇಕಾಯಿತು. ಗಾಳಿಯನ್ನು ಸೀಳಲು ಮುಂದೆ ಚೂಪಾದ ಉದ್ದನೆಯ ಮೂಗು, ಹಿಂದೆ ಎರಡು ಕಂಬಗಳ ಮೇಲೆ ಆಳೆತ್ತರಕ್ಕೆ ಸಮೀಪಿಸುವ ರೆಕ್ಕೆ. ಅದೇ ವರ್ಷ ಪೀಟ್ ಹ್ಯಾಮಿಲ್ಟನ್ ಈ ಕಾರಿನಲ್ಲಿ ನಾಸ್ಕಾರ್‌ನ ಅತಿ ಪ್ರತಿಷ್ಠಿತ ರೇಸಾದ ಡೇಟೋನಾ 500 ಗೆದ್ದರು. ಆದರೆ ಮಳಿಗೆಗೆ ಬಂದ ಗಿರಾಕಿ ಆ ಮೂಗನ್ನು ನೋಡಿ, ಇದನ್ನು ನನ್ನ ಷೆಡ್ಡಿನಲ್ಲಿ ಹೇಗೆ ನಿಲ್ಲಿಸಲಿ ಎಂದು ಹಿಂದೆ ಸರಿಯುತ್ತಿದ್ದ. ತಿಂಗಳುಗಟ್ಟಲೆ ಮಾರಾಟವಾಗದೆ ಉಳಿದ ಕೆಲವು ಕಾರುಗಳ ಮೂಗು, ರೆಕ್ಕೆಗಳನ್ನು ಮಾರಾಟಗಾರರೇ ಕಳಚಿ, ಸಾಮಾನ್ಯ ರೋಡ್ ರನ್ನರ್ ಕಾರನ್ನಾಗಿಸಿ ಕೊಟ್ಟರು. ಇಂದು ಸಂಗ್ರಹಕಾರರು ಅದೇ ಕಾರಿಗೆ ದೊಡ್ಡ ಮೊತ್ತ ತೆರುತ್ತಾರೆ. ಆ ಹಣ ಅಂದಿನ ಮಾರಾಟಗಾರನ ಕೈಗೆ ಬಂದದ್ದಲ್ಲ.

ಹಾಗೆಂದು ಆ ಮಾತು ಸುಳ್ಳೆಂದು ಹೇಳುವವನೂ ನಾನಲ್ಲ. ಗೆಲುವು ಹೊಸ ಗಿರಾಕಿಯನ್ನು ತರುವುದಕ್ಕಿಂತ ಇರುವ ಗಿರಾಕಿಯನ್ನು ಬೇರೆಡೆಗೆ ಹೋಗದಂತೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ. ತಮ್ಮ ವೃತ್ತಿಯಲ್ಲಿ ಇದರ ಬೆಲೆ ತಮಗೇ ಗೊತ್ತಿದೆ.

ಪ್ರಶ್ನೆ: ಪಾಲಿಟೆಕ್ನಿಕ್‌ನಲ್ಲಿ ಆಟೊಮೊಬೈಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಇಂದು ನಾಸ್ಕಾರ್‌ನಲ್ಲಿ ಓಡುವ ಮಸ್ಟಾಂಗ್, ಕ್ಯಾಮರೊ, ಕ್ಯಾಮ್ರಿ ಕಾರುಗಳಲ್ಲಿ ಅಂಗಡಿಯ ಕಾರಿನ ಯಾವ ಭಾಗ ಉಳಿದಿದೆ? (ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಭಾಗವೆಂದರೆ ಹೆಚ್ಚುಕಡಿಮೆ ಒಂದೂ ಇಲ್ಲ, ಉಳಿದಿರುವುದು ಆಕಾರದ ಛಾಯೆ ಮತ್ತು ಹೆಸರು. ಷಾರ್ಲಟ್‌ನ ನಾಸ್ಕಾರ್ ಹಾಲ್ ಆಫ್ ಫೇಮ್ ಸಂಗ್ರಹಾಲಯದಲ್ಲಿ ಇಂತಹ ಕಾರೊಂದರ ಮುಂದೆ ನಾನು ಮೊಣಕಾಲೂರಿ ಕುಳಿತು ನೋಡಿದ್ದೇನೆ. ಹತ್ತು ಹೆಜ್ಜೆ ದೂರದಿಂದ ಹೆಡ್‌ಲೈಟ್‌ಗಳು ಗಾಜಿನವೇ ಎಂಬಷ್ಟು ಹೊಳೆಯುತ್ತಿದ್ದವು. ಹತ್ತಿರ ಹೋದರೆ ಗಾಜೂ ಇಲ್ಲ, ಬಲ್ಬೂ ಇಲ್ಲ. ಅದು ಮೈಮೇಲೆ ಅಂಟಿಸಿದ ಸ್ಟಿಕ್ಕರ್. ಅದರ ಒಂದು ಅಂಚು ಕೂದಲೆಳೆಯಷ್ಟು ಮೇಲೆದ್ದಿತ್ತು. ಮುಂಭಾಗದ ಜಾಲರಿಯಲ್ಲಿಯೂ ಬಹುಪಾಲು ಹಾಗೆ ಅಂಟಿಸಿದ್ದೇ. ಬಾಗಿಲಿಗೆ ಹಿಡಿಕೆ ಇಲ್ಲ, ಏಕೆಂದರೆ ತೆರೆಯುವ ಬಾಗಿಲೇ ಇಲ್ಲ. ಚಾಲಕ ಕಿಟಕಿಯ ಮೂಲಕ ಕಾಲು ತೂರಿಸಿ ಒಳಗಿಳಿಯುತ್ತಾನೆ.

ಈ ಬದಲಾವಣೆ ಒಂದೇ ದಿನ ಆದದ್ದಲ್ಲ. ವೇಗ ಹೆಚ್ಚಿದಂತೆ ಚಾಲಕನ ಜೀವ ಉಳಿಸಲು ಒಳಗೆ ಉಕ್ಕಿನ ಕೊಳವೆಗಳ ಪಂಜರ ಬಂತು. ಪಂಜರ ಬೆಳೆದು ಕೊನೆಗೆ ಅದೇ ಚೌಕಟ್ಟಾಯಿತು, ಹೊರಗಿನ ತಗಡು ಬರೀ ಹೊದಿಕೆಯಾಯಿತು. ಅಂಗಡಿಯ ಕಾರುಗಳು ಚಿಕ್ಕದಾದುದರಿಂದ 1981ರಲ್ಲಿ ರೇಸಿನ ಕಾರುಗಳ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವನ್ನು 110 ಇಂಚಿಗೆ ಇಳಿಸಿದರು. ಅಷ್ಟರಲ್ಲಿ ಪೇಟೆಯ ಕಾರುಗಳು ಒಂದೊಂದಾಗಿ ಮುಂದಿನ ಚಕ್ರದಿಂದ ಓಡುವಂತಾದವು, ರೇಸಿನವು ಹಿಂದಿನ ಚಕ್ರದಿಂದಲೇ ಓಡುತ್ತ ಉಳಿದವು. 1998ರಲ್ಲಿ ಫೋರ್ಡ್ ಟಾರಸ್ ಹೆಸರಿನಲ್ಲಿ ಕಾರು ಇಳಿಸಿದಾಗ, ಪೇಟೆಯ ಟಾರಸ್ ನಾಲ್ಕು ಬಾಗಿಲಿನ, ಮುಂದಿನ ಚಕ್ರದಿಂದ ಓಡುವ ಸಂಸಾರದ ಕಾರಾಗಿತ್ತು. ರೇಸಿನ ಟಾರಸ್‌ಗೆ ಹಿಂದಿನ ಚಕ್ರಕ್ಕೆ ಬಲ ಕೊಡುವ ವಿ8 ಎಂಜಿನ್ ಇತ್ತು.

ಈ ನಡುವೆ ಅಂಗಡಿಯ ಕಾರೇ ರೇಸಿಗಾಗಿ ಬದಲಾದ ಒಂದು ಸೊಗಸಾದ ನಿದರ್ಶನವಿದೆ, ಅದನ್ನು ಬಿಡಲು ಮನಸ್ಸು ಬಾರದು. 1980ರ ದಶಕದಲ್ಲಿ ಫೋರ್ಡ್ ಥಂಡರ್‌ಬರ್ಡ್‌ನ ಮೈಕಟ್ಟು ಗಾಳಿಯಲ್ಲಿ ಜಾರುವಂತಿತ್ತು. ಷೆವರ್ಲೆ ಮಾಂಟೆ ಕಾರ್ಲೊದ ಹಿಂಬದಿಯ ಗಾಜು ನೆಟ್ಟಗೆ ನಿಂತಿದ್ದರಿಂದ ಗಾಳಿ ಅಲ್ಲಿ ಸುಳಿಯಾಗಿ ಕಾರನ್ನು ಹಿಂದಕ್ಕೆಳೆಯುತ್ತಿತ್ತು. ಅದಕ್ಕೆ ಷೆವರ್ಲೆ 1986ರಲ್ಲಿ ಇಳಿಜಾರಾದ ದೊಡ್ಡ ಗಾಜನ್ನು ಕೂರಿಸಿದ ಏರೊಕೂಪ್ ಎಂಬ 200 ಕಾರುಗಳನ್ನು ಪೇಟೆಗೆ ಬಿಟ್ಟಿತು. ಗಾಜು ಅಷ್ಟು ದೂರ ಚಾಚಿದ್ದರಿಂದ ಡಿಕ್ಕಿಯ ಬಾಯಿ ಕಿರಿದಾಯಿತು. ದೊಡ್ಡದೊಂದು ಪೆಟ್ಟಿಗೆಯನ್ನು ಒಳಗಿಡಲು ಪೇಚಾಡುವ ಗಿರಾಕಿ, ರೇಸಿನ ಅಂಕಣದ ಅಗತ್ಯವೊಂದರ ಬೆಲೆಯನ್ನು ತನ್ನ ಕೈಯಾರೆ ತೆರುತ್ತಿದ್ದ. 1987ರಲ್ಲಿ ಬಿಲ್ ಎಲಿಯಟ್ ಥಂಡರ್‌ಬರ್ಡ್‌ನಲ್ಲಿ ಟ್ಯಾಲಡೇಗಾ ಎಂಬ ಅಂಕಣದ ಅರ್ಹತಾ ಸುತ್ತನ್ನು ಗಂಟೆಗೆ 212.809 ಮೈಲಿ ವೇಗದಲ್ಲಿ, ಅಂದರೆ ಸುಮಾರು 342 ಕಿಲೊಮೀಟರ್ ವೇಗದಲ್ಲಿ ಓಡಿಸಿದರು. ಮರುವರ್ಷದಿಂದ ಡೇಟೋನಾ ಮತ್ತು ಟ್ಯಾಲಡೇಗಾಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನೇ ತಡೆಯುವ ತಟ್ಟೆ ಅಳವಡಿಸುವುದು ಕಡ್ಡಾಯವಾಯಿತು.

2007ರಲ್ಲಿ ಬಂದ ಕಾರಿನಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಅಳತೆಯ ಮೈಕಟ್ಟು. ಸ್ಟಿಕ್ಕರ್ ಕಿತ್ತರೆ ಷೆವರ್ಲೆಯೋ ಫೋರ್ಡೋ ಎಂದು ಹೇಳಲಾಗದು. ಅಭಿಮಾನಿಗಳು ಇದನ್ನು ಒಪ್ಪಲಿಲ್ಲ, ಕಂಪನಿಗಳೂ ಒಪ್ಪಲಿಲ್ಲ. ಗುರುತೇ ಸಿಗದ ಕಾರಿಗೆ ಯಾರು ಜೈ ಎನ್ನುತ್ತಾರೆ? 2013ರಲ್ಲಿ ಆಯಾ ಕಂಪನಿಯ ಮುಖಚಹರೆ ಮರಳಿತು. 2022ರಿಂದ ಓಡುತ್ತಿರುವ ಈಗಿನ ಕಾರಿನಲ್ಲಿ ಚೌಕಟ್ಟು, ಐದು ಗೇರಿನ ಪೆಟ್ಟಿಗೆ, ಒಂದೇ ನಟ್ಟಿನ 18 ಇಂಚಿನ ಚಕ್ರ, ಹಿಂದಿನ ಸಸ್ಪೆನ್ಷನ್ ಎಲ್ಲವೂ ಎಲ್ಲ ತಂಡಗಳಿಗೂ ಒಂದೇ ಕಡೆಯಿಂದ ಬರುತ್ತವೆ. ಹೊದಿಕೆ ಸಂಯುಕ್ತ ವಸ್ತುವಿನದು. 358 ಘನ ಇಂಚಿನ, ಅಂದರೆ ಸುಮಾರು 5.9 ಲೀಟರಿನ ವಿ8 ಎಂಜಿನ್ ಮಾತ್ರ ಒಂದೊಂದು ಕಂಪನಿಗೂ ಬೇರೆ. ತಮ್ಮ ಅಧ್ಯಯನಕ್ಕೆ ಇನ್ನೊಂದು ಮಾತು: ಪೇಟೆಯ ಕಾರುಗಳೆಲ್ಲ ಕಾರ್ಬುರೇಟರ್ ಬಿಟ್ಟು ದಶಕಗಳಾದ ಮೇಲೂ ನಾಸ್ಕಾರ್‌ನ ಮೇಲ್ದರ್ಜೆಯ ಕಾರುಗಳು 2011ರ ಕೊನೆಯವರೆಗೆ ಅದರಲ್ಲಿಯೇ ಓಡಿದವು.

ಪ್ರಶ್ನೆ: ನಾವಿರುವುದು ಬಿಡದಿಯಲ್ಲಿ, ನಮ್ಮೂರಿನ ಕಾರ್ಖಾನೆಯಲ್ಲಿ ಜೋಡಣೆಯಾಗುವ ಟೊಯೊಟಾ ಕ್ಯಾಮ್ರಿ ಅಮೆರಿಕದ ರೇಸಿನಲ್ಲಿಯೂ ಇದೆ ಎಂದು ಮಗ ಹೇಳಿದ. ಜಪಾನಿನ ಕಂಪನಿಯನ್ನು ಅಲ್ಲಿನ ಅಭಿಮಾನಿಗಳು ಹೇಗೆ ಸ್ವೀಕರಿಸಿದರು? (ಓದುಗರು, ರಾಮನಗರ ಜಿಲ್ಲೆ)

ಉತ್ತರ: ಹೆಸರು ಒಂದೇ, ಯಂತ್ರ ಬೇರೆ. ತಮ್ಮೂರಿನಲ್ಲಿ ಜೋಡಣೆಯಾಗುವುದು 2.5 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಕೂಡಿ ಓಡಿಸುವ ಹೈಬ್ರಿಡ್ ಕಾರು. ರೇಸಿನ ಕ್ಯಾಮ್ರಿಗಾಗಿ ಟೊಯೊಟಾ ತಾನು ಎಲ್ಲಿಯೂ ಮಾರದ ಹಳೆಯ ಮಾದರಿಯ ವಿ8 ಎಂಜಿನ್ನನ್ನು ಹೊಸದಾಗಿ ವಿನ್ಯಾಸ ಮಾಡಬೇಕಾಯಿತು.

ಟೊಯೊಟಾ 2004ರಲ್ಲಿ ನಾಸ್ಕಾರ್‌ನ ಟ್ರಕ್ ವಿಭಾಗಕ್ಕೆ ಬಂದು, 2007ರಲ್ಲಿ ಮೇಲ್ದರ್ಜೆಗೆ ಕ್ಯಾಮ್ರಿಯನ್ನು ಇಳಿಸಿತು. ವಿದೇಶಿ ಕಾರು ಹಿಂದೆ ಗೆದ್ದಿರಲಿಲ್ಲವೆಂದಲ್ಲ: 1954ರಲ್ಲಿ ನ್ಯೂಜೆರ್ಸಿಯ ಲಿಂಡನ್‌ನಲ್ಲಿ ಅಲ್ ಕೆಲ್ಲರ್ ಜಾಗ್ವಾರ್ ಓಡಿಸಿ ಗೆದ್ದಿದ್ದರು. ಆದರೆ ಅರ್ಧ ಶತಮಾನದಲ್ಲಿ ಅದು ಮರೆತುಹೋಗಿತ್ತು. ಅಮೆರಿಕದ ಕಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿದ್ದ ಕಾಲ ಅದು. ಕೆಲಸ ಕಳೆದುಕೊಂಡ ಮನೆಗಳ ನೋವು ಗ್ಯಾಲರಿಗಳಲ್ಲಿ ಸಿಟ್ಟಾಗಿ ಕೇಳಿಸಿತು, ಆ ಸಿಟ್ಟನ್ನು ನಾನು ಲಘುವಾಗಿ ಕಾಣಲಾರೆ. ಆದರೆ ವಸ್ತುಸ್ಥಿತಿ ಅಷ್ಟು ಸರಳವಾಗಿರಲಿಲ್ಲ. ಅಲ್ಲಿ ಮಾರಾಟವಾಗುತ್ತಿದ್ದ ಕ್ಯಾಮ್ರಿ ಕೆಂಟಕಿ ರಾಜ್ಯದ ಜಾರ್ಜ್‌ಟೌನ್‌ನಲ್ಲಿ 1988ರಿಂದಲೂ ತಯಾರಾಗುತ್ತಿತ್ತು. ಅದರ ಎದುರು ಓಡುತ್ತಿದ್ದ ‘ಅಮೆರಿಕದ’ ಕಾರುಗಳ ಪೈಕಿ ಫೋರ್ಡ್ ಫ್ಯೂಷನ್ ಮೆಕ್ಸಿಕೊದ ಎರ್ಮೊಸಿಯೊದಲ್ಲಿಯೂ ಷೆವರ್ಲೆ ಇಂಪಾಲಾ ಕೆನಡಾದ ಆಷಾವಾದಲ್ಲಿಯೂ ತಯಾರಾಗುತ್ತಿದ್ದವು. 2013ರಿಂದ 2017ರವರೆಗೆ ಓಡಿದ ಷೆವರ್ಲೆ ಎಸ್‌ಎಸ್ ಆಸ್ಟ್ರೇಲಿಯಾದಿಂದ ಹಡಗೇರಿ ಬರುತ್ತಿತ್ತು.

ಕೈಲ್ ಬುಷ್ 2008ರಲ್ಲಿ ಅಟ್ಲಾಂಟಾದಲ್ಲಿ ಟೊಯೊಟಾಕ್ಕೆ ಮೊದಲ ಗೆಲುವನ್ನೂ 2015ರಲ್ಲಿ ಮೊದಲ ಚಾಲಕ ಪ್ರಶಸ್ತಿಯನ್ನೂ ತಂದುಕೊಟ್ಟರು. 2016ರಲ್ಲಿ ಡೆನ್ನಿ ಹ್ಯಾಮ್ಲಿನ್ ಡೇಟೋನಾ 500 ಗೆದ್ದರು. ಈಗ ಟೊಯೊಟಾ ಟೋಪಿ ಧರಿಸಿ ಬರುವ ಮಕ್ಕಳು ಆ ಗ್ಯಾಲರಿಗಳಲ್ಲಿದ್ದಾರೆ. ಅವರಿಗೆ ಅದು ಹುಟ್ಟಿದಾಗಿನಿಂದ ಕಂಡ ಹೆಸರು.

ಪ್ರಶ್ನೆ: ಮೆಚ್ಚಿನ ಚಾಲಕನೇ ಕಂಪನಿ ಬದಲಿಸಿದರೆ ಅಭಿಮಾನಿ ಯಾರ ಹಿಂದೆ ಹೋಗುತ್ತಾನೆ? (ಓದುಗರು, ಪುತ್ತೂರು)

ಉತ್ತರ: ಬಹುಮಟ್ಟಿಗೆ ಚಾಲಕನ ಹಿಂದೆ, ಆದರೆ ಮನಸ್ಸಿನೊಳಗೆ ಒಂದು ಮುಳ್ಳಿಟ್ಟುಕೊಂಡು. ಮೇಲೆ ಹೇಳಿದ ರಿಚರ್ಡ್ ಪೆಟ್ಟಿ ಪ್ಲಿಮತ್‌ನೊಡನೆ ಎಷ್ಟು ಬೆರೆತಿದ್ದರೆಂದರೆ 1967ರಲ್ಲಿ ಅದರಲ್ಲಿಯೇ 27 ರೇಸ್ ಗೆದ್ದಿದ್ದರು. ಪ್ಲಿಮತ್‌ನ ಒಡೆಯ ಕಂಪನಿ ಕ್ರೈಸ್ಲರ್‌ನದೇ ಇನ್ನೊಂದು ಹೆಸರಾದ, ಹೆಚ್ಚು ವೇಗದ ಡಾಡ್ಜ್ ಕೊಡಿ ಎಂದು ಕೇಳಿ ಅದು ಸಿಗದೆ ಹೋದಾಗ 1969ರ ಒಂದು ವರ್ಷ ಫೋರ್ಡ್‌ಗೆ ಹೋದರು. ಅವರನ್ನು ಮರಳಿ ಕರೆತಂದದ್ದು ಆ ಸೂಪರ್‌ಬರ್ಡ್ ಕಾರೇ. ಮುಂದೆ ಡಾಡ್ಜ್, ಷೆವರ್ಲೆ, ಓಲ್ಡ್ಸ್‌ಮೊಬೈಲ್‌ಗಳನ್ನೆಲ್ಲ ಓಡಿಸಿ, ತಮ್ಮ ಇನ್ನೂರನೆಯ ಗೆಲುವನ್ನು 1984ರ ಜುಲೈ 4ರಂದು ಪಾಂಟಿಯಾಕ್‌ನಲ್ಲಿ ಪಡೆದರು. ಬದಲಾಗದೆ ಉಳಿದದ್ದು 43 ಎಂಬ ಅಂಕಿ ಮತ್ತು ತಿಳಿನೀಲಿ ಬಣ್ಣ. ಷೆವರ್ಲೆ ಅಭಿಮಾನಿಗಳು ಇಂದಿಗೂ ಕೈಮುಗಿಯುವ ಡೇಲ್ ಅರ್ನ್‌ಹಾರ್ಟ್ ಕೂಡ 1982 ಮತ್ತು 1983ರಲ್ಲಿ ಓಡಿಸಿದ್ದು ಫೋರ್ಡ್ ಕಾರನ್ನೇ. ಆ ಎರಡು ವರ್ಷಗಳ ಮಾತನ್ನು ಆ ಅಭಿಮಾನಿಗಳ ಮುಂದೆ ಎತ್ತಿದರೆ ಒಂದು ಕ್ಷಣ ಮೌನವಾಗುತ್ತಾರೆ.

ಪ್ರಶ್ನೆ: ಮಿಷಿಗನ್‌ನಲ್ಲಿ ನೌಕರಿಗೆ ಸೇರಿದ ಮಗ, ರೇಸಿನಲ್ಲಿ ಗೆಲ್ಲುತ್ತಿದೆ ಎಂಬ ಒಂದೇ ಕಾರಣಕ್ಕೆ ಮೊದಲ ಸಂಬಳದ ಸಾಲದಲ್ಲಿ ಕ್ಯಾಮರೊ ಅಥವಾ ಮಸ್ಟಾಂಗ್ ಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ಏನು ಹೇಳಲಿ? (ಓದುಗರು, ಶಿರಸಿ)

ಉತ್ತರ: ಕ್ಯಾಮರೊ ರೇಸಿನಲ್ಲಿ ಮುಂದುವರಿದರೂ ಪೇಟೆಗೆ ಅದರ ತಯಾರಿಕೆ 2024ರ ಮಾದರಿಯೊಂದಿಗೆ ನಿಂತಿದೆ, ಕೊಂಡರೆ ಬಳಸಿದ ಕಾರೇ ಸಿಗುವುದು. ಮಸ್ಟಾಂಗ್ ಹೊಸದು ಸಿಗುತ್ತದೆ, ಅದರಲ್ಲಿ ವಿ8 ಎಂಜಿನ್ನೂ ಹಿಂದಿನ ಚಕ್ರದ ಚಾಲನೆಯೂ ಇರುವುದರಿಂದ ಈಗಿನ ಮೂರರಲ್ಲಿ ರೇಸಿನ ಕಾರಿಗೆ ಹೆಚ್ಚು ಹತ್ತಿರವೆನ್ನಬಹುದಾದದ್ದೂ ಅದೇ. ಆದರೆ ಹತ್ತಿರವೆಂದರೆ ವಂಶ ಹತ್ತಿರ, ಬಿಡಿಭಾಗವಲ್ಲ. ಮಗನಿಗೆ ಬೇಡ ಎನ್ನಬೇಡಿ. ಕೊಳ್ಳುವ ಮುನ್ನ ವಿಮೆಯ ಕಂತು ಎಷ್ಟೆಂದು ಕೇಳಲಿ, ಹಿಂದಿನ ಚಕ್ರದಿಂದ ಓಡುವ ಕಾರಾದ್ದರಿಂದ ಮಿಷಿಗನ್‌ನ ಹಿಮಕ್ಕೆ ಚಳಿಗಾಲದ ಟೈರು ಪ್ರತ್ಯೇಕ ಬೇಕೆಂಬುದನ್ನು ಲೆಕ್ಕಕ್ಕೆ ಹಿಡಿಯಲಿ, ಹಿಂದಿನ ಆಸನದಲ್ಲಿ ಒಮ್ಮೆ ತಾನೇ ಕುಳಿತು ನೋಡಲಿ. ತಾವು ಅವನ ಮನೆಗೆ ಹೋದಾಗ ವಿಮಾನ ನಿಲ್ದಾಣದಿಂದ ತಮ್ಮನ್ನು ಕೂರಿಸಿಕೊಂಡು ಬರುವುದು ಆ ಆಸನದಲ್ಲಿಯೇ.